ಮಂಗಳವಾರದ ಹಾಜರಿ

ಆ ವರ್ಷ ಶರತ್ಕಾಲದ ಸೆಮಿಸ್ಟರಿನಲ್ಲಿ ಥಾಕ್ ಗ್ಯೂರಿ ಮಂಗಳವಾರ ಮಾತ್ರ ತಲೆ ಬಾಚಿಕೊಳ್ಳುತ್ತಿದ್ದಳು. ಉಳಿದ ದಿನ ಮೂರು ಅಲಾರಂಗಳು ಒಂದರ ಹಿಂದೊಂದು ಹೊಡೆದುಕೊಂಡು ತಾವೇ ಸುಮ್ಮನಾಗುತ್ತಿದ್ದವು. ಬಾಡಿಗೆ ಕೋಣೆಯ, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಅಂಗಾತ ಮಲಗಿ, ಇನ್ನೈದು ನಿಮಿಷಕ್ಕೆ ಏಳುತ್ತೇನೆ ಎಂದುಕೊಳ್ಳುತ್ತಲೇ ಮಧ್ಯಾಹ್ನ ಮಾಡಿಬಿಡುತ್ತಿದ್ದಳು. ಕಾಯಿಲೆಯೇನೂ ಇರಲಿಲ್ಲ, ಹೇಳಿಕೊಳ್ಳುವಂಥ ದುಃಖವೂ ಇರಲಿಲ್ಲ. ತಳದಲ್ಲಿ ತೂತಾದ ಬಕೆಟ್ಟಿನ ಹಾಗೆ, ಮಲಗುವ ಮುಂಚೆ ಒಟ್ಟು ಮಾಡಿಕೊಂಡ ಮನಸ್ಸು ಬೆಳಗಾಗುವಷ್ಟರಲ್ಲಿ ಸೋರಿಹೋಗಿರುತ್ತಿತ್ತು.

ಮಂಗಳವಾರ ಮಾತ್ರ ಏಳಲೇಬೇಕಿತ್ತು. ಅಂದು ಹತ್ತು ಗಂಟೆಗೆ ಮೆಂಗ್ ಮೇಷ್ಟ್ರ ಪಾಠ. ಆ ಪಾಠಕ್ಕೆ ಉಳಿದಿದ್ದ ವಿದ್ಯಾರ್ಥಿನಿ ಅವಳೊಬ್ಬಳೇ.

ಅವಳದು ಹಳೆಯ ಚೀನೀ ಲಿಪಿಯ ಸಾಹಿತ್ಯ ವಿಭಾಗ. ನಾಡಿನ ಹಿಂದಿನ ಕಾಲದ ಪಂಡಿತರು ಬರೆದಿಟ್ಟ ಓಲೆ, ಶಾಸನ, ವಂಶಾವಳಿಗಳನ್ನು ಓದಲು ಕಲಿಸುವ ವಿಭಾಗ. ಬೇರೆ ವಿಭಾಗದ ಹುಡುಗರು ಇವರನ್ನು 'ಗೋರಿಕಲ್ಲಿನವರು' ಎಂದು ಗೇಲಿ ಮಾಡುತ್ತಿದ್ದರು. ದಕ್ಷಿಣದ ಸಣ್ಣ ಪಟ್ಟಣದ ಬೆಟ್ಟದ ಮೇಲಿದ್ದ ಆ ವಿಶ್ವವಿದ್ಯಾಲಯಕ್ಕೆ ವರ್ಷ ವರ್ಷವೂ ಮಕ್ಕಳು ಕಡಿಮೆಯಾಗುತ್ತಿದ್ದರು. ಗ್ಯೂರಿಯ ತಂಡವೇ ಕೊನೆ, ಇನ್ನು ಈ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೊದಲ ವರ್ಷದಲ್ಲೇ ಸುತ್ತೋಲೆ ಬಂದಿತ್ತು. ತಂಡದಲ್ಲಿದ್ದವರು ಹನ್ನೊಂದು ಜನ. ಇಬ್ಬರು ಕಡ್ಡಾಯ ಸೈನ್ಯದ ಸೇವೆಗೆ ಹೋದವರು ಓದಿಗೆ ವಾಪಸ್ಸಾಗಲಿಲ್ಲ. ಕೆಲವರು ಮತ್ತೆ ಪ್ರವೇಶ ಪರೀಕ್ಷೆ ಬರೆದು ರಾಜಧಾನಿ ಸೋಲ್‌ಗೆ ಹಾರಿದರು, ಕೆಲವರು ಇಲ್ಲೇ ಬೇರೆ ವಿಭಾಗಕ್ಕೆ ಸರಿದುಕೊಂಡರು. ಎರಡನೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಗ್ಯೂರಿ ಒಬ್ಬಳೇ ಆದಳು. ಒಬ್ಬ ವಿದ್ಯಾರ್ಥಿ ಉಳಿದಿದ್ದರೂ ಪಾಠ ನಡೆಯಲೇಬೇಕು ಎಂಬುದು ನಿಯಮ. ಮೆಂಗ್ ಮೇಷ್ಟ್ರಿಗೆ ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಅವಳು ಇರುವಷ್ಟು ದಿನ ಅವರ ಪಾಠ. ಇದನ್ನು ಅವರಿಬ್ಬರೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ.

ಉಳಿದೆಲ್ಲ ಮೇಷ್ಟ್ರುಗಳು ಮೊಬೈಲಿನಲ್ಲಿ ಹಾಜರಿ ತೆಗೆದುಕೊಂಡರೆ ಮೆಂಗ್ ಮೇಷ್ಟ್ರದು ಕಪ್ಪು ರಟ್ಟಿನ ಹಾಜರಿ ಪುಸ್ತಕ. ಅದರಲ್ಲಿ ಹನ್ನೊಂದು ಹೆಸರೂ ಹಾಗೇ ಇದ್ದವು. ಹನ್ನೊಂದನ್ನೂ ಅವರು ಕೂಗುತ್ತಿದ್ದರು. ಪ್ರತಿ ಹೆಸರಾದ ಮೇಲೂ ಒಂದು ಉಸಿರಿನಷ್ಟು ಕಾಯುತ್ತಿದ್ದರು. "ಬಾಂಗ್ ಚೇಯುನ್." ಕಿಟಕಿಯಾಚೆ ಗಿಂಕೊ ಮರದ ಹಣ್ಣು ಬಿದ್ದು ಕೊಳೆತು ನಾರುತ್ತಿತ್ತು. "ಸನ್ ಮಿರು." ಮತ್ತೆ ಮೌನ. ಹತ್ತನೆಯದಾಗಿ "ಥಾಕ್ ಗ್ಯೂರಿ" ಬಂದಾಗ ಅವಳು "ಹಾಜರು, ಸಾರ್" ಎನ್ನುತ್ತಿದ್ದಳು. ವಯಸ್ಸಾದವರ ಹಟ, ಇರಲಿ ಎಂದುಕೊಂಡಿದ್ದಳು.

ಅಕ್ಟೋಬರಿನ ಮೂರನೇ ಮಂಗಳವಾರ, "ಸನ್ ಮಿರು" ಎಂದು ಕೂಗಿ ಮೇಷ್ಟ್ರು ಕಾದರು. ಗ್ಯೂರಿಯ ಬೆನ್ನ ಹಿಂದಿನಿಂದ, ಎರಡು ಬೆಂಚು ದಾಟಿ, ಮೆಲ್ಲನೆ ಒಂದು ದನಿ ಬಂತು.

"ಹಾಜರು, ಸಾರ್."

ಗ್ಯೂರಿ ತಿರುಗಿ ನೋಡಿದಳು. ಖಾಲಿ ಬೆಂಚುಗಳು. ಗೋಡೆಯಲ್ಲಿ ಹೀಟರಿನ ಪೈಪು. ಪೈಪು ಕಾದು ಶಬ್ದ ಮಾಡುವುದುಂಟು. ಮೇಷ್ಟ್ರು ತಲೆಯೆತ್ತದೆ ಪುಸ್ತಕದಲ್ಲಿ ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು.

ಆ ಸೆಮಿಸ್ಟರಿನ ಪಠ್ಯ, ರಾಜನ ಕೋಪಕ್ಕೆ ಸಿಕ್ಕಿ ದ್ವೀಪಕ್ಕೆ ಗಡೀಪಾರಾದ ಪಂಡಿತನೊಬ್ಬ ತಮ್ಮನಿಗೆ ಬರೆದ ಓಲೆಗಳು. ಮೇಷ್ಟ್ರು ಒಂದು ಸಾಲು ಎಳೆದು ರಾಗವಾಗಿ ಓದುತ್ತಿದ್ದರು, ಕೂತವರು ಅದೇ ರಾಗದಲ್ಲಿ ಒಪ್ಪಿಸಬೇಕು. ಮೈ ತೂಗುತ್ತ ಓದಿದರೆ ಅಕ್ಷರ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಅವತ್ತಿನ ಸಾಲು ಹೀಗಿತ್ತು: 'ಈ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ನಿನ್ನ ಓಲೆ ಬಂದೀತೆಂದು ದಡಕ್ಕೆ ಹೋದೆ. ದೋಣಿ ಬಂತು, ಓಲೆ ಬರಲಿಲ್ಲ.' ಗ್ಯೂರಿ ಒಪ್ಪಿಸಿದಳು. ಅವಳ ದನಿ ಕೋಣೆಯಲ್ಲಿ ಒಂಟಿಯಾಗಿ ಕೇಳಬೇಕಿತ್ತು. ದಪ್ಪಗೆ ಕೇಳಿತು. ಅವಳ ದನಿಯ ಕೆಳಗೆ ಇನ್ನಷ್ಟು ದನಿಗಳಿದ್ದವು, ಅದೇ ರಾಗದಲ್ಲಿ, ಅದೇ ವೇಗದಲ್ಲಿ. ಅವಳು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದಳು. ದನಿಗಳು ಸಾಲು ಮುಗಿಸಿಯೇ ನಿಂತವು. ಅದರಲ್ಲಿ ಒಂದು ಮಾತ್ರ, ಉಸಿರು ಸಾಲದೆ, ಕೊನೆಯ ಅಕ್ಷರವನ್ನು ನುಂಗಿತು.

ಹಾಗೆ ಕೊನೆಯ ಅಕ್ಷರ ನುಂಗುತ್ತಿದ್ದವಳು ಮಿರು. ಮೇಷ್ಟ್ರ ಕೈಲಿ ಅದಕ್ಕೇ ವಾರಕ್ಕೊಮ್ಮೆ ಬೈಸಿಕೊಳ್ಳುತ್ತಿದ್ದವಳು.

ಒಂದೇ ತಂಡದಲ್ಲಿದ್ದರೂ ಸನ್ ಮಿರು ಗ್ಯೂರಿಗಿಂತ ಎರಡು ವರ್ಷ ದೊಡ್ಡವಳು. ಬೇಸಿಗೆಯಲ್ಲಿ ವಿಭಾಗ ಬಿಟ್ಟು ಆಹಾರ ವಿಭಾಗಕ್ಕೆ ಸೇರಿಕೊಂಡಿದ್ದಳು. ಮಾರನೆಯ ದಿನವೇ ಗ್ಯೂರಿ ಅವಳನ್ನು ವಿದ್ಯಾರ್ಥಿಗಳ ಕ್ಯಾಂಟೀನಿನಲ್ಲಿ ಹುಡುಕಿ ಹಿಡಿದಳು. ಮಿರು ತಲೆಗೆ ಬಲೆಟೋಪಿ ಹಾಕಿಕೊಂಡೇ ಊಟಕ್ಕೆ ಕೂತಿದ್ದಳು.

"ಅಕ್ಕ, ಮಂಗಳವಾರ ಹತ್ತು ಗಂಟೆಗೆ ಎಲ್ಲಿರ್ತೀಯ ನೀನು?"

"ಅಡುಗೆ ಲ್ಯಾಬಲ್ಲಿ. ನೂರಿಪ್ಪತ್ತು ಜನಕ್ಕೆ ಮೊಳಕೆಕಾಳಿನ ಸಾರು. ಯಾಕೆ, ಈರುಳ್ಳಿ ಹೆಚ್ಚಕ್ಕೆ ಬರ್ತೀಯಾ?" ಎಂದಳು ಮಿರು. ಅವಳ ದನಿ ಒಡೆದ ಮಡಕೆಯ ಹಾಗಿತ್ತು.

"ಗಂಟಲಿಗೇನಾಯ್ತು?"

"ಏನೋ ಗೊತ್ತಿಲ್ಲ ಕಣೇ. ಮಂಗಳವಾರ ಬಂದ್ರೆ ಸಾಕು, ಕಟ್ಕೊಂಡ್ಬಿಡುತ್ತೆ. ಗುರುವಾರದ ಹೊತ್ಗೆ ಸರಿಹೋಗುತ್ತೆ. ಡಾಕ್ಟ್ರು ನೋಡಿ, 'ಏನಮ್ಮ, ಹಾಡೋ ಕೆಲಸಾನಾ ನಿಂದು, ಇಷ್ಟೊಂದು ಯಾಕೆ ಕೂಗ್ತೀಯಾ' ಅಂದ್ರು. ಲ್ಯಾಬಲ್ಲಿ ನಾನು ಬಾಯೇ ಬಿಡಲ್ಲ, ಮಾಸ್ಕ್ ಹಾಕ್ಕೊಂಡಿರ್ತೀನಿ."

ಗ್ಯೂರಿ ನಡೆದದ್ದನ್ನು ಹೇಳಿದಳು. ಮಿರು ನಗುತ್ತಾಳೆ, ನಿದ್ದೆಗೆಟ್ಟು ಏನೇನೋ ಕೇಳಿಸ್ತಿದೆ ನಿಂಗೆ ಅನ್ನುತ್ತಾಳೆ ಎಂದುಕೊಂಡಿದ್ದಳು. ಮಿರು ನಗಲಿಲ್ಲ. ಚಮಚ ಕೆಳಗಿಟ್ಟು, "ಕೊನೇ ಅಕ್ಷರ ನುಂಗ್ದೆ ಅಂದ್ಯಾ?" ಎಂದು ಕೇಳಿದಳು.

"ಹೂಂ."

"ಹಾಗಾದ್ರೆ ನಾನೇ." ಬಲೆಟೋಪಿ ಕಿತ್ತು ಮೇಜಿನ ಮೇಲಿಟ್ಟು ಹೇಳಿದಳು, "ನಾನು ಸಾರ್‌ಗೆ ಒಂದು ಮಾತೂ ಹೇಳ್ದೆ ಬಂದ್ಬಿಟ್ಟೆ ಗ್ಯೂರಿ. ಅವರು ಊಟಕ್ಕೆ ಹೋಗಿದ್ದಾಗ ಫಾರಂನ ಅವರ ಮೇಜಿನ ಮೇಲಿಟ್ಟು ಓಡಿಬಂದೆ. ಸಹಿ ಹಾಕಿ ಕಳಿಸಿದ್ರು. ಆಮೇಲೆ ಅವರಿಗೆ ಮುಖ ತೋರಿಸಿಲ್ಲ. ನಾವ್ಯಾರೂ ತೋರಿಸಿಲ್ಲ ಅನ್ಸುತ್ತೆ."

ಆ ದಿನ ಗ್ಯೂರಿ ಕಚೇರಿಗೂ ಹೋದಳು. ಎರಡನೇ ವರ್ಷ ದಾಟಿದರೆ ವಿಭಾಗ ಬದಲಾಯಿಸುವಂತಿಲ್ಲ. ಅರ್ಜಿಗೆ ನವೆಂಬರ್ ಕೊನೆಯ ಶುಕ್ರವಾರ ಗಡುವು. ಅರ್ಜಿಯನ್ನು ಅವಳು ಅದಾಗಲೇ ಮೂರು ಸಲ ಮೊಬೈಲಿಗೆ ಇಳಿಸಿಕೊಂಡು ಮೂರು ಸಲ ಅಳಿಸಿದ್ದಳು. ಗುಮಾಸ್ತ ಅವಳ ಹೆಸರು ಕೇಳಿದ್ದೇ ಕುರ್ಚಿಯಿಂದ ಅರ್ಧ ಎದ್ದ.

"ಓ, ಆ ಕೊನೆಯವರು ನೀವೇನಾ! ವಿಭಾಗದ ಮುಖ್ಯಸ್ಥರ ಸಹಿ ಒಂದು ಹಾಕಿಸ್ಕೊಂಡು ಬನ್ನಿ, ಇವತ್ತು ತಂದ್ರೆ ಇವತ್ತೇ ಮಾಡ್ಕೊಡ್ತೀನಿ. ನೀವೊಬ್ರು ಹೊರಟ್ರೆ ಮೂರನೇ ಕಟ್ಟಡದ ನಿಮ್ಮ ಮಹಡಿಗೆ ಫೆಬ್ರವರಿಲಿ ಬೀಗ ಹಾಕ್ಬೋದು ನೋಡಿ."

"ಮುಖ್ಯಸ್ಥರು ಅಂದ್ರೆ..."

"ಮೆಂಗ್ ಸಾರೇ. ಇನ್ಯಾರಿದ್ದಾರೆ ಅಲ್ಲಿ?"

ಅವನು ಕೊಟ್ಟ ಅರ್ಜಿಯಲ್ಲಿ ಎರಡು ಖಾಲಿ ಜಾಗಗಳಿದ್ದವು. ಯಾವ ವಿಭಾಗಕ್ಕೆ, ಯಾವ ಕಾರಣಕ್ಕೆ. ಅವಳು ಎರಡನ್ನೂ ತುಂಬಲಾರದೆ ಅರ್ಜಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಸಂಜೆ ಅವಳ ಅಮ್ಮ ಫೋನು ಮಾಡಿದಳು. ಅಮ್ಮ ಕರಾವಳಿಯ ಊರಿನಲ್ಲಿ ಕಡಲಪಾಚಿ ಒಣಗಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಮಾತಿನ ಹಿಂದೆ ಯಾವಾಗಲೂ ಯಂತ್ರದ ಸದ್ದು.

"ಏನೇ, ಊಟ ಆಯ್ತಾ?"

"ಆಯ್ತಮ್ಮ."

"ಏನ್ ತಿಂದೆ?"

"ಅನ್ನ, ಸಾರು."

"ಸುಳ್ಳು ಬೇರೆ. ಬಿಸಿನೀರು ಹುಯ್ಕೊಂಡು ಆ ಡಬ್ಬಿ ನೂಡಲ್ಸ್ ತಿಂದಿರ್ತೀಯ. ದನಿ ನೋಡು, ಎಷ್ಟು ಸಣ್ಣಗಾಗಿದೆ. ಬಾವಿಯೊಳಗಿಂದ ಮಾತಾಡ್ದಂಗಿದೆ."

"ಅಮ್ಮ, ನಾನು ವಿಭಾಗ ಬದಲಾಯಿಸ್ಲಾ?"

ಯಂತ್ರ ಒಂದಷ್ಟು ಹೊತ್ತು ಓಡಿತು. "ಯಾವುದಕ್ಕೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋ ವಿಭಾಗಾನೂ ಇದ್ಯೇನೇ ಅಲ್ಲಿ?" ಅಮ್ಮ ಗದರಿದಳು. ಆಮೇಲೆ ದನಿ ತಗ್ಗಿತು. "ಬದಲಾಯಿಸ್ಬೇಡ ಅನ್ನಲ್ಲ. ಆದ್ರೆ ಹೈಸ್ಕೂಲಲ್ಲಿದ್ದಾಗ ತಾತನ ಗೋರಿಕಲ್ಲು ಓದಿ ಚಿಕ್ಕಪ್ಪಂದಿರಿಗೆಲ್ಲ ಕಣ್ಣಲ್ಲಿ ನೀರು ತರಿಸಿದ್ದೆಯಲ್ಲ, ಆ ಹುಡುಗಿ ಎಲ್ಲಿ ಹೋದ್ಲು ಅಂತ."

ಗ್ಯೂರಿಗೂ ಅದೇ ತಿಳಿಯದಾಗಿತ್ತು.

ಮುಂದಿನ ಎರಡು ಮಂಗಳವಾರ ಅವಳು ತಲೆ ಬಗ್ಗಿಸಿ ಪಾಠಕ್ಕೆ ಕೂತಳು. ಹೆಸರುಗಳಿಗೆ ಉತ್ತರ ಬರುತ್ತಿತ್ತು, ಮೊದಲು ಮೂರು, ಆಮೇಲೆ ಆರು. ಯಾವುದೂ ಗದ್ದಲ ಮಾಡುವ ದನಿಯಲ್ಲ. ಒಳ್ಳೆಯ ವಿದ್ಯಾರ್ಥಿಗಳ ದನಿ. ಕೊನೆಕೊನೆಗೆ ಗ್ಯೂರಿ ಬರಿದೇ ತುಟಿ ಆಡಿಸುತ್ತಿದ್ದಳು. ತಾನು ಓದದಿದ್ದರೂ ಪಾಠ ನಡೆಯುತ್ತಿತ್ತು. ಹೆದರಿಕೆಯಾಗುತ್ತಿತ್ತು. ನಾಚಿಕೆಯಾಗುವಷ್ಟು ಸಮಾಧಾನವೂ ಆಗುತ್ತಿತ್ತು.

ಹಾಗಾಗಿಯೋ ಏನೋ, ನವೆಂಬರಿನ ಎರಡನೇ ಮಂಗಳವಾರ ಅವಳಿಗೆ ಏಳಲಾಗಲಿಲ್ಲ. ಹತ್ತು ಗಂಟೆ ಹೊಡೆದಾಗಲೂ ಹಾಸಿಗೆಯಲ್ಲೇ ಇದ್ದಳು. ಮೇಷ್ಟ್ರು ಒಬ್ಬರೇ ಕೂತಿರುತ್ತಾರೆ ಎಂಬ ಯೋಚನೆ ಚುಚ್ಚಿ ಚುಚ್ಚಿ ಎಬ್ಬಿಸಿತು. ಮುಖಕ್ಕೆ ನೀರು ಹಾಕಿಕೊಂಡು ಬೆಟ್ಟ ಹತ್ತಿದಳು. ಮೂರನೇ ಕಟ್ಟಡದ ಮೆಟ್ಟಿಲೇರುವಾಗ ಹತ್ತೂವರೆ ದಾಟಿತ್ತು. ಆ ಮಹಡಿಯಲ್ಲಿ ಬೇರೆ ಕೋಣೆಗಳಿಗೆಲ್ಲ ಬೀಗ ಬಿದ್ದು, ಹೊರಗೆ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕೊನೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಮೇಷ್ಟ್ರು ಹೇಳುವುದು ಕೇಳಿತು:

"ಒಂಬತ್ತನೇ ಓಲೆ. ಗ್ಯೂರಿ, ನೀನೋದು."

"ಆಗ್ಲಿ ಸಾರ್," ಎಂದಿತು ಗ್ಯೂರಿಯ ದನಿ.

ಬಾಗಿಲ ಈಚೆ ನಿಂತ ಗ್ಯೂರಿಯ ಬಾಯಿ ಮುಚ್ಚಿತ್ತು. ಕೈ ತಾನಾಗಿ ಗಂಟಲಿಗೆ ಹೋಯಿತು. ಚರ್ಮದ ಕೆಳಗೆ ಗಂಟಲು ಸಣ್ಣಗೆ ನಡುಗುತ್ತಿತ್ತು, ಮಾತಾಡುವಾಗ ನಡುಗುವ ಹಾಗೆ.

ಒಳಗಿನ ದನಿ ಓದತೊಡಗಿತು. ಗಡೀಪಾರಾದವನಿಗೆ ಹಲ್ಲುನೋವು, ದ್ವೀಪದ ಬೆಸ್ತನೊಬ್ಬ ಇಕ್ಕಳ ಹಿಡಿದು ಬಂದು ಕೀಳಬಾರದ ಹಲ್ಲು ಕಿತ್ತು, ಪಂಡಿತನ ಮುಂದೆ ತಲೆಯೆತ್ತಲಾರದೆ ಓಡಿಹೋದ ಕತೆ. ಆ ದನಿ ಎಲ್ಲಿ ಉಸಿರೆಳೆಯಬೇಕೋ ಅಲ್ಲೇ ಎಳೆಯುತ್ತಿತ್ತು. ತಮಾಷೆಯ ಕಡೆ ಒಳಗೊಳಗೇ ನಗುತ್ತಿತ್ತು, 'ನೀನಿದ್ದಿದ್ದರೆ ನಗುತ್ತಿದ್ದೆ' ಎಂಬಲ್ಲಿ ತಡೆದು ನಿಂತು ಮುಂದೆ ಹೋಯಿತು. ತಾತನ ಗೋರಿಯ ಮುಂದೆ ನಿಂತಿದ್ದ ಹುಡುಗಿ ಹೀಗೇ ಓದಿದ್ದಳು. ಪಕ್ಕದ ಮನೆಯ ಹಬ್ಬದೂಟದ ವಾಸನೆ ಹಿಡಿದು ನಿಂತವಳಂತೆ ಗ್ಯೂರಿ ಕೇಳುತ್ತ ನಿಂತಳು. ಹೊಟ್ಟೆಕಿಚ್ಚಾಯಿತು. ಆಮೇಲೆ ಭಯವಾಯಿತು. ಬಾಗಿಲು ತಳ್ಳಿದಳು.

ದನಿ ಒಂದು ಅಕ್ಷರದ ನಡುವೆ ನಿಂತಿತು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕಿಟಕಿಯ ಬಳಿ ನಿಂತಿದ್ದರು. ಕಣ್ಣು ತೆರೆದು ಅವಳನ್ನು ನೋಡಿದರು, ಅವಳು ಯಾವಾಗಲೂ ಕೂರುವ ಮೂರನೇ ಬೆಂಚನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

"ನೀನು... ಈಗ ಬಂದ್ಯಾ?"

"ಹೌದು ಸಾರ್. ತಡವಾಯ್ತು."

ಅವಳು ಬೆಂಚಿನ ಮೇಲೆ ಕೈಯಿಟ್ಟಳು. ಯಾರೋ ಅದೀಗ ಎದ್ದು ಹೋದಂತೆ ಬೆಚ್ಚಗಿತ್ತು.

ಮೇಷ್ಟ್ರು ಕುರ್ಚಿಗೆ ಕುಸಿದರು. "ನೀನೇ ಅಂದ್ಕೊಂಡೆ. ಕಣ್ಣು ಮುಚ್ಚಿದ್ನಲ್ಲ, ನೀನೇ ಬಂದು ಕೂತಿದೀಯ ಅಂದ್ಕೊಂಡೆ. ಇವತ್ತು ಎಷ್ಟು ಚೆನ್ನಾಗಿ ಓದ್ತಿದಾಳೆ ಹುಡುಗಿ ಅಂತ ಖುಷಿಪಡ್ತಿದ್ದೆ."

"ಮಿಕ್ಕೋರು ನಿಮಗೂ ಕೇಳಿಸ್ತಾರಾ ಸಾರ್?"

"ಕೇಳಿಸ್ತಾರೆ." ಅವರು ಹಾಜರಿ ಪುಸ್ತಕದ ರಟ್ಟನ್ನು ಸವರಿದರು. "ಮೊದಲು ಹಟಕ್ಕೆ ಕೂಗ್ತಿದ್ದೆ ಅಷ್ಟೆ. ಹೇಳ್ದೆ ಕೇಳ್ದೆ ಹೋದ್ರಲ್ಲ ಅಂತ ಸಿಟ್ಟಿತ್ತು. ಸೆಪ್ಟೆಂಬರಲ್ಲಿ ಒಂದಿನ ಈ ಕೋಣೇಲಿ ಒಬ್ಬನೇ ಕೂತ್ಕೊಂಡು ಹೆಸರು ಕೂಗ್ದೆ. ಬಾಂಗ್ ಚೇಯುನ್ ಓಗೊಟ್ಟ. ಇದ್ದಾಗ ಒಂದು ದಿನ ಸಮಯಕ್ಕೆ ಸರಿಯಾಗಿ ಬಂದೋನಲ್ಲ ಆಸಾಮಿ. ಆಮೇಲೆ ಮಂಗಳವಾರ ನೀನು ಹೋದ್ಮೇಲೆ ಮಿಕ್ಕೋರೂ ಒಬ್ಬೊಬ್ರೇ ಶುರು ಮಾಡಿದ್ರು."

"ಆವಾಗ್ಲೇ ನಿಲ್ಲಿಸ್ಬೇಕಿತ್ತು ಸಾರ್."

"ನಿಲ್ಲಿಸ್ಬೇಕಿತ್ತು. ನಂಗೆ ಗೊತ್ತಿಲ್ವಾ? ಆದ್ರೆ ಗ್ಯೂರಿ, ಮೂವತ್ತು ವರ್ಷ ಪಾಠ ಮಾಡಿದೀನಿ, ಇಷ್ಟು ಚೆನ್ನಾಗಿ ಯಾರೂ ಓದ್ಲಿಲ್ಲ. ಇದ್ದೋರಿಗೆ ಫೋನು, ನಿದ್ದೆ, ಮುಂದೇನು ಅನ್ನೋ ಚಿಂತೆ. ಇವರಿಗೆ ಓದೋದೊಂದೇ. ಯಾರಿಗೆ ಬಿಡಕ್ಕೆ ಮನಸ್ಸು ಬರುತ್ತೆ ಹೇಳು."

ಗ್ಯೂರಿಯ ಕೈ ಜೇಬಿನಲ್ಲಿ ಅರ್ಜಿಯನ್ನು ಹಿಡಿದುಕೊಂಡಿತ್ತು. "ನಾನೂ ಹೋಗ್ಬಿಟ್ರೆ?" ಎಂದು ಕೇಳಿದಳು. ದನಿ ಅರ್ಧವೇ ಹೊರಟಿತು.

"ನೀನೆಲ್ಲಿ ಹೋಗ್ತೀಯ?" ಎಂದರು ಮೇಷ್ಟ್ರು. "ನೀನು ಇಲ್ಲೇ ಇರ್ತೀಯಲ್ಲ."

ಅವರು ಅದನ್ನು ಹೆದರಿಸಲು ಹೇಳಲಿಲ್ಲ. ಮಗುವನ್ನು ಸಮಾಧಾನ ಮಾಡುವಂತೆ, ಪ್ರೀತಿಯಿಂದ ಹೇಳಿದರು. ಗ್ಯೂರಿ ಅರ್ಜಿಯನ್ನು ಜೇಬಿನಿಂದ ತೆಗೆಯದೆಯೇ ಹೊರಗೆ ಬಂದಳು.

ಆ ಮಧ್ಯಾಹ್ನದಿಂದ ಅವಳ ದನಿ ಹೋಯಿತು. ಅಂಗಡಿಯಲ್ಲಿ ಬಾಯಿ ಅಲ್ಲಾಡಿಸಿದರೆ ಕ್ಯಾಷಿನಲ್ಲಿದ್ದವಳು "ಏನಂದ್ರಿ? ಏನಂದ್ರಿ?" ಎಂದು ಎರಡು ಸಲ ಕೇಳಿ, ಬೇಸತ್ತು, ಅವಳ ಕೈಲಿದ್ದುದನ್ನು ನೋಡಿ ಬಿಲ್ಲು ಮಾಡಿದಳು. ಬುಧವಾರವಿಡೀ ಗ್ಯೂರಿ ಮಲಗಿ ಯೋಚಿಸಿದಳು. ಮಿರು, ಬಾಂಗ್ ಎಲ್ಲ ಹೋದ ಮೇಲೆ ಅವರ ದನಿ ಅಲ್ಲಿ ಉಳಿದಿತ್ತು. ತಾನಿನ್ನೂ ಹೋಗಿಯೇ ಇಲ್ಲ. ಹೋಗಲೂ ಇಲ್ಲ, ಇರಲೂ ಇಲ್ಲ. ಇಲ್ಲಿ ಚಾವಣಿ ನೋಡುತ್ತ ಮಲಗಿದವಳನ್ನು ಕಾದು ಕಾದು ಆ ದನಿ ತಾನೇ ಎದ್ದು ಪಾಠಕ್ಕೆ ಹೋಗಿರಬೇಕು. ಇನ್ನೊಂದು ತಿಂಗಳು ಹೀಗೇ ಕಳೆದರೆ ಇನ್ನೇನೇನು ಎದ್ದು ಹೋಗುತ್ತದೋ ಎಂದುಕೊಂಡಳು.

ಎದ್ದು ಕೂತು ಪುಸ್ತಕ ತೆಗೆದಳು. ಮೇಷ್ಟ್ರೂ ಇಲ್ಲ, ಬೆನ್ನ ಹಿಂದೆ ಯಾರೂ ಇಲ್ಲ, ಹಂಗೂ ಇಲ್ಲ ಅಂದುಕೊಂಡು ನಾಲ್ಕು ಪುಟ ಓದಿದಳು. ಅರ್ಥವಾಯಿತು. ಆದರೆ ಪ್ರತಿ ಪುಟದಲ್ಲೂ ಇನ್ನೆಷ್ಟು ಉಳಿದಿದೆ ಎಂದು ಕಣ್ಣು ಕೆಳಗಿಳಿಯುತ್ತಿತ್ತು. ಹೈಸ್ಕೂಲಿನ ಹುಡುಗಿಗೆ ತಾತನ ಮೇಲಿದ್ದ ಅಕ್ಕರೆಯನ್ನು ತಾನು ಅಕ್ಷರದ ಮೇಲಿನ ಆಸೆ ಅಂದುಕೊಂಡು ಬಂದುಬಿಟ್ಟೆನೇನೋ ಎಂದು ಮೊದಲ ಸಲ ಅನ್ನಿಸಿತು.

ಗುರುವಾರ ಕೋಣೆಯಲ್ಲಿ ಕೂರಲಾರದೆ ಹೊರಬಿದ್ದಳು. ಬೆಟ್ಟದ ಹಿಂದಿನ ಇಳಿಜಾರಿನಲ್ಲಿ ಭೂಮಾಪನ ವಿಭಾಗದ ಹುಡುಗರು ಕೇಸರಿ ಬಣ್ಣದ ಅಂಗಿ ತೊಟ್ಟು, ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿಕೊಂಡು ಕೂಗಾಡುತ್ತಿದ್ದರು. ನೋಡುತ್ತ ನಿಂತಳು.

"ಅಕ್ಕ, ಸ್ವಲ್ಪ ಆಚೆ ಹೋಗ್ತೀರಾ? ಗಡಿ ಮೇಲೆ ನಿಂತಿದೀರ," ಎಂದಳು ಒಬ್ಬ ಹುಡುಗಿ.

"ಎಲ್ಲಿದೆ ಗಡಿ?" ಗ್ಯೂರಿ ಪಿಸುಗುಟ್ಟಿದಳು. ನೆಲದಲ್ಲಿ ಒಣಹುಲ್ಲು ಬಿಟ್ಟು ಏನೂ ಕಾಣುತ್ತಿರಲಿಲ್ಲ.

"ಅದನ್ನೇ ಹುಡುಕ್ತಿರೋದು. ಹಿಂದಿನೋರು ಗೀಟು ಎಳೆದು ನೂರು ವರ್ಷ ಆಯ್ತಂತೆ, ಎರಡು ಗಜ ಆಚೀಚೆ ಆಗಿದೆ. ನಮ್ಮ ಹುಡುಗ ಒಬ್ಬ ಬಂದಿಲ್ಲ, ಈ ಕೋಲು ಹಿಡ್ಕೊತೀರಾ? ನೆಟ್ಟಗೆ ಹಿಡೀಬೇಕು ಅಷ್ಟೆ."

ಗ್ಯೂರಿ ಕೋಲು ಹಿಡಿದಳು. ಗಾಳಿ ಕಿವಿ ಕೊರೆಯುತ್ತಿತ್ತು. "ಎಡಕ್ಕೆ! ಇನ್ನೊಂಚೂರು! ಅಯ್ಯೋ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!" ಎಂದು ಯಂತ್ರದ ಹಿಂದಿದ್ದವನು ಕಿರುಚುತ್ತಿದ್ದ. ಕೋಲನ್ನು ಅಲ್ಲಿಂದ ಅಲ್ಲಿಗೆ ಹೊತ್ತು ತಿರುಗಿದಳು. ಸಾಕು, ಇವತ್ತಿಗೆ ಮುಗೀತು ಎಂದು ಅವರು ಹೇಳಿದಾಗ ಎರಡು ಗಂಟೆ ಕಳೆದಿತ್ತು. ಆ ಹೊತ್ತಿನಲ್ಲಿ ಅವಳು ಒಂದು ಸಲವೂ ಗಡಿಯಾರ ನೋಡಿರಲಿಲ್ಲ. ಅದೇನು ದೊಡ್ಡ ಆಸೆಯಲ್ಲ, ಅವಳಿಗೂ ಗೊತ್ತಿತ್ತು. ಆದರೆ ಅರ್ಜಿಯ ಮೊದಲ ಖಾಲಿ ಜಾಗ ಅವತ್ತು ತುಂಬಿತು. ಕಾರಣದ ಜಾಗದಲ್ಲಿ 'ಹೊರಗೆ ನಿಂತು ಕೆಲಸ ಮಾಡಬೇಕೆನ್ನಿಸಿದೆ' ಎಂದು ಬರೆದಳು.

ಮುಂದಿನ ಮಂಗಳವಾರ ಒಂಬತ್ತೂವರೆಗೇ ಹೋಗಿ ಕೂತಳು. ಮೇಷ್ಟ್ರು ಬಂದು, ಕೋಟು ತೂಗುಹಾಕಿ, ಕಪ್ಪು ಪುಸ್ತಕ ತೆರೆದರು.

"ಹಾಜರಿ ಆಮೇಲೆ ಸಾರ್," ಎಂದಳು ಗ್ಯೂರಿ ಒಡಕು ದನಿಯಲ್ಲಿ. "ಮೊದಲು ನಾನೊಬ್ಬಳೇ ಓದ್ತೀನಿ. ಒಂಬತ್ತನೇದು. ಕಣ್ಣು ಮುಚ್ಚಬೇಡಿ, ನನ್ನನ್ನೇ ನೋಡ್ತಿರಿ."

ಮೇಷ್ಟ್ರು ಪುಸ್ತಕ ಮುಚ್ಚಿದರು.

ಅವಳು ಓದಿದಳು. ಮೊದಲ ಸಾಲಿನಲ್ಲೇ ರಾಗ ತಪ್ಪಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವಳ ಕಿವಿಯ ಪಕ್ಕದಲ್ಲೇ ಇನ್ನೊಂದು ದನಿ ಶುರುವಾಯಿತು, ಸ್ವಚ್ಛವಾಗಿ, ಒಂದೂ ತಪ್ಪಿಲ್ಲದೆ. ಅದು ಅವಳಿಗಿಂತ ಒಂದು ಅಕ್ಷರ ಮುಂದಿತ್ತು. ಬಿಟ್ಟುಕೊಡಬೇಕೆನ್ನಿಸಿತು, ಬಿಟ್ಟುಕೊಡುವುದು ಎಷ್ಟು ಸುಲಭ, ತುಟಿ ಆಡಿಸಿದರೆ ಸಾಕು. ಗ್ಯೂರಿ ಬೆಂಚಿನ ಅಂಚು ಹಿಡಿದು ಗಟ್ಟಿಯಾಗಿ, ಕತ್ತೆಯ ಹಾಗೆ, ಓದಿದಳು. ಇಕ್ಕಳದ ಜಾಗ ಬಂತು, ಬೆಸ್ತ ಓಡಿದ ಜಾಗ ಬಂತು. 'ನೀನಿದ್ದಿದ್ದರೆ' ಎಂಬಲ್ಲಿ ಪಕ್ಕದ ದನಿ ತಡೆದು ನಿಂತಿತು. ಅವಳು ನಿಲ್ಲಲಿಲ್ಲ. ಅದನ್ನು ದಾಟಿ ಮುಂದೆ ಹೋದಳು. ಗಂಟಲಲ್ಲಿ ಏನೋ ಬಿಸಿಯಾದದ್ದು ಇಳಿದಂತಾಗಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಕೆಮ್ಮು ನಿಂತ ಮೇಲೆ ಓದಿದ ಸಾಲುಗಳಿಗೆ ಒಂದೇ ದನಿಯಿತ್ತು.

"ನಾಲ್ಕು ಕಡೆ ತಪ್ಪು," ಎಂದರು ಮೇಷ್ಟ್ರು ಕೊನೆಗೆ. "ಇಕ್ಕಳದ ಅಕ್ಷರ ಹಾಗಲ್ಲ."

"ಗೊತ್ತು ಸಾರ್." ಅವಳ ದನಿ ಪೂರ್ತಿ ಹೊರಟಿತು. "ನಾನು ಭೂಮಾಪನಕ್ಕೆ ಹೋಗ್ತಿದೀನಿ. ನಿಮಗೆ ಹೇಳಿ ಹೋಗೋಣ ಅಂತ ಬಂದೆ. ನೀವು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಬೈದ್ರೂ ಪರವಾಗಿಲ್ಲ."

ಮೇಷ್ಟ್ರು ಅರ್ಜಿಯನ್ನು ತುಂಬ ಹೊತ್ತು ಓದಿದರು, ಅದೂ ಒಂದು ಹಳೆಯ ಓಲೆ ಎಂಬಂತೆ. ಸಹಿ ಹಾಕಿದರು. ಆಮೇಲೆ ಹಾಜರಿ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟರು. "ನನ್ನ ಕೈಲಾಗಲ್ಲ. ನಿನ್ನ ಹೆಸರು ನೀನೇ ಹೊಡಿ."

ಅವಳು ಹತ್ತನೆಯ ಹೆಸರಿನ ಮೇಲೆ ಗೀಟು ಎಳೆದಳು. "ಸಾರ್, ನಿಮ್ಮ ಇನ್ನೊಂದೂವರೆ ವರ್ಷ..."

"ನನ್ನ ಚಿಂತೆ ನಿಂಗ್ಯಾಕೆ? ಕೋಲು ಹಿಡಿಯೋ ಕಡೆ ಗೋರಿಕಲ್ಲು ಸಿಕ್ಕಿದ್ರೆ ಒಂದ್ಸಲ ಓದು, ಸಾಕು." ಅವರು ನಕ್ಕರು. "ನಂಗೆ ಹತ್ತು ಜನ ಇದಾರೆ ಬಿಡು."

ಅವಳು ಮೆಟ್ಟಿಲಿಳಿಯುವಾಗ ಮೇಲೆ ಹೆಸರುಗಳು ಶುರುವಾದವು. ಒಂದೊಂದಕ್ಕೂ ಉತ್ತರ. ಒಂಬತ್ತನೆಯ ಹೆಸರಾದ ಮೇಲೆ ಹನ್ನೊಂದನೆಯದು ಬಂತು.

ಅವಳು ಮಿರುವಿಗೆ ಅಂದೇ ಎಲ್ಲ ಹೇಳಿ, "ನೀನೂ ಹೋಗಿ ಬಾ ಅಕ್ಕ" ಎಂದಳು. ಮಿರು ಹೂಂ ಅಂದಳು. ಪರೀಕ್ಷೆ ಮುಗೀಲಿ ಅಂದಳು. ಹಾಗೇ ಚಳಿಗಾಲ ಕಳೆಯಿತು. ಫೆಬ್ರವರಿಯಲ್ಲಿ ವಿಭಾಗ ಮುಚ್ಚಿದರು. ಮೆಂಗ್ ಮೇಷ್ಟ್ರು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಗೊಕ್ಸಂಗ್‌ನಲ್ಲಿದ್ದ ತಂಗಿಯ ಮನೆಗೆ ಹೋದರು. ಕಪ್ಪು ಪುಸ್ತಕವನ್ನು ಜೊತೆಗೆ ಒಯ್ದರೋ ಬಿಟ್ಟುಹೋದರೋ ಯಾರಿಗೂ ಗೊತ್ತಿಲ್ಲ. ಮೂರನೇ ಕಟ್ಟಡದ ಆ ಮಹಡಿಗೆ ಬೀಗ ಬಿತ್ತು.

ಮಾರ್ಚಿನ ಒಂದು ಮಂಗಳವಾರ ಮಧ್ಯಾಹ್ನ ಗ್ಯೂರಿ ಬೂಟಿನ ಕೆಸರು ಕೊಡವಿಕೊಂಡು ಕ್ಯಾಂಟೀನಿಗೆ ಬಂದಳು. ಮಿರು ಆಗಲೇ ಕೂತು ಬಿಸಿ ಬಾರ್ಲಿ ನೀರು ಕುಡಿಯುತ್ತಿದ್ದಳು.

"ಏನು ಸಮಾಚಾರ ಅಕ್ಕ?"

ಮಿರು ಗಂಟಲು ಮುಟ್ಟಿ ತೋರಿಸಿದಳು. ಮಾತು ಗಾಳಿಯ ಹಾಗೆ ಬಂತು. "ಇವತ್ತು ಪೂರ್ತಿ ಹೋಗಿದೆ."

ಗ್ಯೂರಿಯ ಕೈಲಿದ್ದ ತಟ್ಟೆ ಮೇಜಿಗೆ ಬಡಿಯಿತು. "ಬೀಗ ಹಾಕಿದೆ ಅಲ್ಲಿ. ಸಾರ್ ಕೂಡ ಊರಲ್ಲಿಲ್ಲ. ಯಾರು ಹೆಸರು ಕೂಗ್ತಾರೆ ಅಕ್ಕ?"

"ಅದು ಗೊತ್ತಿಲ್ಲ. ಕೂಗ್ತಾರೆ."

"ಈ ಭಾನುವಾರ ಗೊಕ್ಸಂಗ್‌ಗೆ ಹೋಗೋಣ. ನಾನೂ ಬರ್ತೀನಿ. ಪುಸ್ತಕ ಅವರ ಹತ್ರ ಇದ್ರೆ ನಿನ್ನ ಹೆಸರು ಹೊಡ್ಕೊಂಡು ಬಂದ್ಬಿಡೋಣ."

ಮಿರು ಬೇಡವೆಂದು ತಲೆಯಾಡಿಸಿದಳು. ಹತ್ತಿರ ಬಾ ಎಂದು ಸನ್ನೆ ಮಾಡಿ, ಗ್ಯೂರಿಯ ಕಿವಿಯ ಬಳಿ ಬಗ್ಗಿದಳು.

"ನಾನು ಹೋಗಲ್ಲ ಕಣೇ. ಮೊದ್ಲು ಹೆದರಿಕೆ ಆಗ್ತಿತ್ತು, ಈಗಿಲ್ಲ. ಈ ಅಡುಗೆ ಕೆಲಸ ನಾನು ಬಿಡಲ್ಲ, ಇದು ನನ್ನ ಹೊಟ್ಟೆಪಾಡು, ನಂಗೆ ಇಷ್ಟಾನೂ ಹೌದು. ಆದ್ರೆ ಉಪ್ಪು ತೂಕ ಮಾಡ್ತಾ ನಿಂತಿರುವಾಗ, ಎಲ್ಲೋ ಒಂದ್ಕಡೆ ನಾನು ಚೆನ್ನಾಗಿ ಓದ್ತಿದೀನಿ ಅನ್ನೋದು ನೆನಪಾಗುತ್ತೆ. ಓದ್ಲಿ ಬಿಡು. ಹೋದ ವಾರದಿಂದ ಕೊನೇ ಅಕ್ಷರ ನುಂಗೋದೂ ನಿಂತಿದೆ."

"ಅದು ನಿಂಗೆ ಹೇಗೆ ಗೊತ್ತು?"

ಮಿರು ಗಂಟಲಿನ ಮೇಲೆ ಕೈಯಿಟ್ಟುಕೊಂಡು, ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವಳಂತೆ, ಸ್ವಲ್ಪ ನಗುತ್ತ ಕೂತಿದ್ದಳು.

ಒಂದು ಗಂಟೆಗೆ ಅಳತೆಗೆ ಹೋಗುವ ಬಸ್ಸು ಹೊರಡುವುದಿತ್ತು. ಗ್ಯೂರಿ ಅನ್ನವನ್ನು ಬೇಗ ಬೇಗ ತಿಂದು ಎದ್ದಳು. ಮೂರನೇ ಕಟ್ಟಡದ ಮುಂದೆ ಹಾದುಹೋದರೆ ಬಸ್ ನಿಲ್ದಾಣ ಹತ್ತಿರ. ಅವಳು ಗ್ರಂಥಾಲಯದ ಹಿಂದಿನಿಂದ ಬಳಸಿಕೊಂಡು, ದಾರಿಯುದ್ದಕ್ಕೂ ಜೋರಾಗಿ ಮಾತಾಡಿಕೊಳ್ಳುತ್ತಿದ್ದ ಭೂಮಾಪನದ ಹುಡುಗರ ಜೊತೆ ಸೇರಿಕೊಂಡು ಹೋದಳು.